ಕಣ್ಣು ಹಳದಿಯಾಗದ ಕಾಮಾಲೆ

ನಮ್ಮ ತಿ. ನರಸೀಪುರದ ಕಡೆ ಲಿವರಿನ ಕಾಯಿಲೆಗೆಲ್ಲ ಇರುವುದು ಒಂದೇ ಹೆಸರು, ಕಾಮಾಲೆ. ಕಣ್ಣು ಹಳದಿಯಾದರೆ ಬಂತು, ಬೆಳ್ಳಗಾದರೆ ಹೋಯ್ತು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿ, ನಾಲ್ಕು ವಾರ ಪಥ್ಯ ಮಾಡಿಸಿದರೆ ಮುಗೀತು. ಹೆಪಟೈಟಿಸ್ ಎ, ಇ ಸೋಂಕುಗಳು ಬಹುಪಾಲು ತಾವಾಗೇ ವಾಸಿಯಾಗುವುದರಿಂದ ಈ ಲೆಕ್ಕ ಎಷ್ಟೋ ಸಲ ಸರಿಯಾಗೇ ಕಾಣುತ್ತದೆ. ಹೆಪಟೈಟಿಸ್ ಬಿ ಹಾಗಲ್ಲ. ಅದು ಕಣ್ಣು ಹಳದಿ ಮಾಡದೆ ಹತ್ತಾರು ವರ್ಷ ಲಿವರಿನಲ್ಲಿ ಕೂತಿರಬಲ್ಲದು.

ಎರಡು ವರ್ಷದ ಹಿಂದೆ, ಅಪ್ಪನಿಗೆ 58 ಆಗಿದ್ದಾಗ, ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂತು. ಆರು ತಿಂಗಳಾದರೂ ಹಾಗೇ ಇತ್ತು. ಅಂದರೆ ದೀರ್ಘಕಾಲದ ಸೋಂಕು. ಅಪ್ಪ ಕುಡಿಯುವವರಲ್ಲ. ಸುಸ್ತು ಅಂದವರಲ್ಲ, ಗದ್ದೆ ಕೆಲಸ ಬಿಟ್ಟವರಲ್ಲ. ಎಸ್‌ಜಿಪಿಟಿ 38 ಇತ್ತು. ಹಾಳೆಯ ಬಲಗಡೆ ‘40ರ ಒಳಗೆ ನಾರ್ಮಲ್’ ಎಂದು ಅಚ್ಚಾಗಿತ್ತು. “ವೈರಸ್ ಮಲಗಿದೆ, ತಲೆ ಕೆಡಿಸ್ಕೋಬೇಡಿ” ಎಂದು ಲ್ಯಾಬಿನವರು ಸಮಾಧಾನ ಹೇಳಿದರು. ಮನೆಯವರೆಲ್ಲ ನಿರಾಳವಾದೆವು.

ಮೈಸೂರಿನ ಲಿವರ್ ತಜ್ಞರು ಮಾತ್ರ ಅದೇ ಹಾಳೆಯನ್ನು ಬಹಳ ಹೊತ್ತು ನೋಡಿದರು.

ಎಸ್‌ಜಿಪಿಟಿ ಲಿವರಿನ ಜೀವಕೋಶದೊಳಗಿರುವ ಕಿಣ್ವ. ಕೋಶಕ್ಕೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುತ್ತದೆ. ಹೆಪಟೈಟಿಸ್ ಬಿ ವೈರಸ್ ತಾನೇ ಕೋಶಗಳನ್ನು ಕೊಲ್ಲುವುದಿಲ್ಲ. ಸೋಂಕಿರುವ ಕೋಶಗಳ ಮೇಲೆ ನಮ್ಮ ದೇಹದ ರಕ್ಷಣಾ ಪಡೆ ಎರಗಿದಾಗ ಆಗುವುದೇ ಉರಿಯೂತ. ಆ ಜಗಳ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ರಕ್ತಕ್ಕೆ ಬಂದ ಎಸ್‌ಜಿಪಿಟಿ ಸುಮಾರು ಎರಡು ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಅದು ಹೇಳುವುದು ಈಚಿನ ಸುದ್ದಿಯನ್ನಷ್ಟೇ. ವರ್ಷಗಟ್ಟಲೆ ಆದ ಗಾಯದ ಕಲೆಯ ಕಥೆ ಅದಕ್ಕೆ ಗೊತ್ತಿಲ್ಲ.

ಇನ್ನು ಆ 40. ಆರೋಗ್ಯವಂತರೆಂದು ಭಾವಿಸಿದ ಜನರ ರಕ್ತ ನೋಡಿ ಹಾಕಿದ ಗೆರೆ ಅದು. ಗೊತ್ತಿಲ್ಲದೆ ಫ್ಯಾಟಿ ಲಿವರ್ ಇದ್ದವರೂ ಆ ಲೆಕ್ಕದಲ್ಲಿ ಸೇರಿಕೊಂಡಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ಈ ಮಿತಿ ಗಂಡಸರಿಗೆ 30, ಹೆಂಗಸರಿಗೆ 19. ಆ ಪ್ರಕಾರ ಅಪ್ಪನ 38 ನಾರ್ಮಲ್ ಅಲ್ಲವೇ ಅಲ್ಲ.

ಡಾಕ್ಟರು ಹಾಳೆಯ ಹಿಂದೆ ಒಂದು ಲೆಕ್ಕ ಬರೆದರು. ಎಸ್‌ಜಿಒಟಿ 46. ಅದನ್ನು ಮಿತಿಯಾದ 40ರಿಂದ ಭಾಗಿಸಿ, 100ರಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆಯಿಂದ (1 ಲಕ್ಷ 32 ಸಾವಿರ, ಅಂದರೆ 132) ಭಾಗಿಸಿದರೆ 0.87. ಇದಕ್ಕೆ ‘ಎಪಿಆರ್‌ಐ’ ಎನ್ನುತ್ತಾರೆ. 0.5 ದಾಟಿದರೆ ಲಿವರಿನಲ್ಲಿ ಗಣನೀಯ ಕಲೆಗಟ್ಟಿರುವ ಸಂಭವ, 1 ದಾಟಿದರೆ ಸಿರೋಸಿಸ್ ಅನುಮಾನ. ಪ್ಲೇಟ್‌ಲೆಟ್ ಕಡಿಮೆ ಅಂದರೆ ನಮಗೆ ನೆನಪಾಗುವುದು ಡೆಂಗಿ ಮತ್ತು ಪರಂಗಿ ಎಲೆ ರಸ. ಆದರೆ ಲಿವರ್ ಗಡುಸಾದರೆ ರಕ್ತದ ಒತ್ತಡ ಹಿಂದಕ್ಕೆ ಬಿದ್ದು ಗುಲ್ಮ ಊದಿಕೊಳ್ಳುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಬೇಕಾದ ಅಂಕಿಗಳೆಲ್ಲ ಮೊದಲ ದಿನದ ಹಾಳೆಯಲ್ಲೇ ಇದ್ದವು. ಅವನ್ನು ಕೂಡಿಸಿ ಓದಿದವರಿರಲಿಲ್ಲ, ಅಷ್ಟೆ.

ವೈರಸ್ಸಿನ ಡಿಎನ್‌ಎ ಮಿಲಿಲೀಟರಿಗೆ 18 ಸಾವಿರ ಯೂನಿಟ್ ಬಂತು. 2 ಸಾವಿರ ದಾಟಿ, ಎಸ್‌ಜಿಪಿಟಿಯೂ ಮಿತಿ ಮೀರಿದ್ದರೆ ಔಷಧಿ ಬೇಕು. ಫೈಬ್ರೋಸ್ಕ್ಯಾನ್ ಕೂಡ ಕಲೆಗಟ್ಟಿದೆ ಎಂದೇ ಹೇಳಿತು. ಟೆನೋಫೋವಿರ್, ದಿನಕ್ಕೊಂದು ಮಾತ್ರೆ. ವರ್ಷದ ನಂತರ ರಕ್ತದಲ್ಲಿ ವೈರಸ್ ಕಾಣಲಿಲ್ಲ, ಎಸ್‌ಜಿಪಿಟಿ 24ಕ್ಕಿಳಿಯಿತು. ಆದರೂ ಮಾತ್ರೆ ನಾವಾಗಿ ನಿಲ್ಲಿಸುವಂತಿಲ್ಲ, ಉರಿಯೂತ ಮತ್ತೆ ಭುಗಿಲೇಳಬಹುದು. ಲಿವರ್ ಕ್ಯಾನ್ಸರಿನ ಭಯ ಇರುವುದರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಉಂಟು.

ಈ ಸೋಂಕು ಹುಟ್ಟುವಾಗ ತಾಯಿಯಿಂದ ಬಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಕಾಯಂ ಆಗುತ್ತದೆ. ದೊಡ್ಡವರಾದ ಮೇಲೆ ಬಂದರೆ ನೂರಕ್ಕೆ ಐದು ಜನರಲ್ಲೂ ಉಳಿಯುವುದಿಲ್ಲ. ಹಾಗಾಗಿ “ನಿಮ್ಮ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಲಿ” ಎಂದರು ಡಾಕ್ಟರು. ಅಮ್ಮ, ನಾನು ಮಾಡಿಸಿದೆವು, ನೆಗೆಟಿವ್. ನಂಜನಗೂಡಿನ ಚಿಕ್ಕಪ್ಪ ಒಪ್ಪಲಿಲ್ಲ.

“ನಂಗೇನಾಗದೆ? ಕಣ್ಣೇನು ಹಳದಿ ಆಗದಾ? ಮಗಳ ಮದ್ವೆ ಮಾತು ನಡೀತಾ ಅದೆ, ಸುಮ್ನಿರಪ್ಪ.”

ಅವರ ಭಯ ಸುಳ್ಳಲ್ಲ. ಒಂದು ನೆಂಟರ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಅಪ್ಪನಿಗೆ ಮಾತ್ರ ಪೇಪರ್ ಲೋಟದಲ್ಲಿ ಕೊಟ್ಟಿದ್ದರು. ಲೋಟದಿಂದ, ಊಟದಿಂದ, ಕೈ ಹಿಡಿದರೆ ಈ ವೈರಸ್ ಹರಡುವುದಿಲ್ಲ. ರಕ್ತ, ಲೈಂಗಿಕ ಸಂಪರ್ಕ, ಇನ್ನೊಬ್ಬರ ಸೂಜಿ, ಬ್ಲೇಡುಗಳಿಂದ ಹರಡುತ್ತದೆ. ಅಪ್ಪ ಆ ಕಾಫಿ ಕುಡಿದು ಸುಮ್ಮನೆ ಎದ್ದು ಬಂದರು.

ಚಿಕ್ಕಪ್ಪ ಗುಟ್ಟಾಗಿ ನೆಲನೆಲ್ಲಿ ಶುರು ಮಾಡಿದರು. ಅದೂ ನಗುವ ಮಾತಲ್ಲ. ಈ ವೈರಸ್ ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ 1988ರಲ್ಲಿ ಮದ್ರಾಸಿನ ವಿಜ್ಞಾನಿಗಳ ಜೊತೆ ನೆಲನೆಲ್ಲಿಯ ಬಗ್ಗೆ ಭರವಸೆಯ ಫಲಿತಾಂಶ ಪ್ರಕಟಿಸಿದ್ದರು. ಆದರೆ ಆಮೇಲಿನ ಪರೀಕ್ಷೆಗಳಲ್ಲಿ ಆ ಫಲ ಗಟ್ಟಿಯಾಗಿ ನಿಲ್ಲಲಿಲ್ಲ.

ಕೊನೆಗೆ ದಾರಿ ಮಾಡಿದವಳು ಅವರ ಮಗಳೇ. ಯಾರಿಗೂ ಹೇಳದೆ ತಾನೇ ಹೋಗಿ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂದ ಮೇಲೆ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡು ಬಂದಳು. “ನನ್ ಮದ್ವೆ ನೆಪ ಇನ್ ಹೇಳ್ಬೇಡಿ, ನೀವೂ ನಡೀರಿ” ಅಂದಳು. ಚಿಕ್ಕಪ್ಪ ಪಾಸಿಟಿವ್. ಎಸ್‌ಜಿಪಿಟಿ 21, ಪ್ಲೇಟ್‌ಲೆಟ್ 2 ಲಕ್ಷ 40 ಸಾವಿರ, ಡಿಎನ್‌ಎ ಕೆಲವೇ ನೂರು. ಸದ್ಯಕ್ಕೆ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ತಪ್ಪದೆ ಬನ್ನಿ ಎಂದಿದ್ದಾರೆ. ಇಬ್ಬರ ಎಸ್‌ಜಿಪಿಟಿ ಮುಂದೆಯೂ ಲ್ಯಾಬು ಅಚ್ಚು ಹಾಕಿದ್ದು ‘ನಾರ್ಮಲ್’ ಅಂತಲೇ. ಆದರೆ ಒಬ್ಬರಿಗೆ ಮಾತ್ರೆ ಬೇಕಿತ್ತು, ಇನ್ನೊಬ್ಬರಿಗೆ ಬೇಡ.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ನಿಮ್ಮ ಮನೆಯಲ್ಲಿ ಯಾರಿಗಾದರೂ ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದರೆ ಹಳೇ ರಿಪೋರ್ಟ್‌ಗಳನ್ನು ಎಸೆಯಬೇಡಿ, ತಾರೀಖಿನ ಪ್ರಕಾರ ಜೋಡಿಸಿಡಿ. ಎಸ್‌ಜಿಪಿಟಿ ಜೊತೆಗೆ ಪ್ಲೇಟ್‌ಲೆಟ್ ಎಷ್ಟು, ಡಿಎನ್‌ಎ ಎಷ್ಟು ಎಂದು ಡಾಕ್ಟರನ್ನು ಕೇಳಿ. ಒಡಹುಟ್ಟಿದವರನ್ನೂ ಕರೆದುಕೊಂಡು ಹೋಗಿ. ಅವರು ಬೈದರೆ ಬೈಸಿಕೊಳ್ಳಿ.