ಮನೆಮಂದಿಯೆಲ್ಲ ಅಂದರೆ ಯಾರ್ಯಾರು?

ನಾವು ಚಿಕ್ಕವರಿದ್ದಾಗ ಊರಿಗೆ ಹೊಸ ಸಿನಿಮಾ ಬಂತೆಂದರೆ ಜಟಕಾ ಗಾಡಿಗೋ ಆಟೋಗೋ ಮೈಕು ಕಟ್ಟಿಕೊಂಡು ಬೀದಿಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದರು. "ಮನೆಮಂದಿಯೆಲ್ಲ ಕೂತು ನೋಡಬೇಕಾದ ಸಾಂಸಾರಿಕ ಚಿತ್ರ!" ಎಂದು. ಜಟಕಾ ಹೋಯಿತು, ಮೈಕೂ ಹೋಯಿತು, ಆ ಮಾತು ಮಾತ್ರ ಉಳಿದುಕೊಂಡಿದೆ. ದಸರಾ ರಜೆ ಹತ್ತಿರ ಬಂದರೆ ಸಾಕು, ಟೀವಿಯ ಜಾಹೀರಾತಿನಿಂದ ಹಿಡಿದು ಬಟ್ಟೆ ಅಂಗಡಿಯ ಬೋರ್ಡಿನವರೆಗೆ ಎಲ್ಲೆಲ್ಲೂ ಮನೆಮಂದಿಯೆಲ್ಲ. ಮನೆಮಂದಿಗೆಲ್ಲ ಮನರಂಜನೆ, ಮನೆಮಂದಿಗೆಲ್ಲ ಉಡುಗೊರೆ.

ನನಗೊಂದು ಚಾಳಿ ಇದೆ. ಈ ಮಾತು ಕಿವಿಗೆ ಬಿದ್ದ ಕೂಡಲೇ ಬೆರಳು ಮಡಚಿ ತಲೆ ಎಣಿಸುತ್ತೇನೆ. ರಜೆಯಲ್ಲಿ ಬೆಂಗಳೂರಿನಿಂದ ನಾದಿನಿಯ ಸಂಸಾರ ಬಂದರೆ ಹಾಸನದ ನಮ್ಮ ಮನೆಯಲ್ಲಿ ಒಟ್ಟು ಎಂಟು ಜನ. ಸಂಜೆ ಹಾಲಿನಲ್ಲಿ ಟೀವಿ ಮುಂದೆ ನಗುತ್ತಾ ಕೂತವರನ್ನು ಎಣಿಸಿದರೆ ಆರು. ಉಳಿದಿಬ್ಬರು ಎಲ್ಲಿ ಎಂದು ಯಾರೂ ಹುಡುಕುವುದಿಲ್ಲ. ಒಬ್ಬಳು ಒಲೆಯ ಮುಂದೆ ಚಕ್ಕುಲಿ ಒರಳು ಒತ್ತುತ್ತಿರುತ್ತಾಳೆ, ಅದು ನಾನು. ಇನ್ನೊಬ್ಬರು ನಡುಮನೆಯ ಮಂಚದ ಮೇಲೆ ಗೋಡೆ ನೋಡುತ್ತಾ ಕೂತಿರುತ್ತಾರೆ, ಅವರು ನಮ್ಮತ್ತೆ. ನಿಮ್ಮ ಮನೆಯಲ್ಲೂ ಒಮ್ಮೆ ಎಣಿಸಿ ನೋಡಿ. ಲೆಕ್ಕ ಸರಿಹೋದರೆ ನೀವು ಪುಣ್ಯವಂತರು.

ಮನೆಮಂದಿಯೆಲ್ಲ ನಿಜವಾಗಿ ಒಟ್ಟಿಗೆ ಕೂತದ್ದನ್ನು ನಾನು ಕಂಡಿಲ್ಲವೆಂದಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಾನಿನ್ನೂ ಶಾಲೆಯ ಹುಡುಗಿ. ಭಾನುವಾರ ಬೆಳಗ್ಗೆ ಅದು ಬರುವ ಹೊತ್ತಿಗೆ ನಮ್ಮ ಬೀದಿಯ ಯಾವ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ. ಟೀವಿ ಇದ್ದ ಮನೆಯ ಜಗಲಿಯವರೆಗೂ ಜನ. ನಮ್ಮಮ್ಮ ಮೊರದಲ್ಲಿ ಅವರೆಕಾಯಿ ಹಾಕಿಕೊಂಡೇ ಬಂದು ಕೂರುತ್ತಿದ್ದಳು, ಸುಲಿಯುವುದನ್ನು ಮರೆತು ನೋಡುತ್ತಿದ್ದಳು. ಹಿಂದಿಯ ಒಂದಕ್ಷರ ಗೊತ್ತಿಲ್ಲದ ಅಜ್ಜಿಯರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಕಥೆ ಗೊತ್ತಿದ್ದ ಮೇಲೆ ಭಾಷೆಯ ಹಂಗೇನು? ಆ ಹೊತ್ತಿನಲ್ಲಿ ಯಾವ ಹೆಂಗಸಿಗೂ "ಒಳಗೆ ಹೋಗಿ ಕಾಫಿ ಮಾಡು" ಎಂದು ಹೇಳುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ. ಈಗ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಟೀವಿ. ಎಲ್ಲರೂ ಒಂದೇ ಸೋಫಾದಲ್ಲಿ ಕೂತಿದ್ದರೂ ಒಬ್ಬ ಕ್ರಿಕೆಟ್ಟಿನಲ್ಲಿ, ಒಬ್ಬಳು ಅಡುಗೆಯಲ್ಲಿ, ಇನ್ನೊಬ್ಬ ಯಾವುದೋ ಯುದ್ಧದಲ್ಲಿ ಇರುತ್ತಾರೆ.

ಹಾಗಾದರೆ ಮನೆಯಿಂದ ಹೊರಗೆ ಹೋಗೋಣ ಎಂದರೆ ಅಲ್ಲೂ ಇದೇ ಕಥೆ. ನಮ್ಮೂರಿನಿಂದ ಮೈಸೂರು ಬಹಳ ದೂರವೇನಲ್ಲ. ಅರಮನೆಯ ದೀಪ, ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ, 1892ರಿಂದ ಇರುವ ಮೃಗಾಲಯ, ಒಂದೇ ದಿನದಲ್ಲಿ ಮಕ್ಕಳ ಕಾಲು ಸೋಲುವಷ್ಟಿದೆ. ಹಿಂದಿನ ರಾತ್ರಿಯೇ ಪುಳಿಯೋಗರೆ ಗೊಜ್ಜು ಕುದಿಸಿ, ಬೆಳಗಿನ ಜಾವ ಅನ್ನ ಮಾಡಿ ಡಬ್ಬಿ ತುಂಬುವುದು ನಾನು. ಹೊರಡುವ ಹೊತ್ತಿಗೆ ಯಾರೋ ಒಬ್ಬರು ಹೇಳುತ್ತಾರೆ, "ಅಮ್ಮನಿಗೆ ಅಷ್ಟು ನಡೆಯೋಕಾಗಲ್ಲ, ಅವರ ಜೊತೆ ಒಬ್ಬರು ಇರಬೇಕಲ್ಲ?" ಈ ಒಬ್ಬರು ಯಾರೆಂದು ಸಭೆ ಸೇರಿಸಿ ತೀರ್ಮಾನ ಮಾಡಬೇಕಾದ ಅಗತ್ಯ ಯಾವ ವರ್ಷವೂ ಬಿದ್ದಿಲ್ಲ. ಎಲ್ಲರ ದೃಷ್ಟಿಯೂ ತಾನಾಗಿಯೇ ನನ್ನ ಕಡೆ ತಿರುಗುತ್ತದೆ.

ಇನ್ನು ಉಡುಗೊರೆಯ ವಿಚಾರ. ಹಬ್ಬಕ್ಕೆ ಬರುವವರು ಬರಿಗೈಯಲ್ಲಿ ಬರುವುದಿಲ್ಲ, ಆ ಮಾತು ಹೇಳಲೇಬೇಕು. ಮಕ್ಕಳಿಗೆ ಬ್ಯಾಟರಿ ಕಾರು. ಮೂರು ದಿನ ಮನೆ ತುಂಬ ಓಡುತ್ತದೆ, ನಾಲ್ಕನೆಯ ದಿನ ಮಂಚದ ಕೆಳಗೆ ಸೇರುತ್ತದೆ. ನನಗೆ ಒಂದು ವರ್ಷ ನಾನ್‌ಸ್ಟಿಕ್ ತವಾ, ಒಂದು ವರ್ಷ ಕುಕ್ಕರು, ಮೊನ್ನೆ ಮೊನ್ನೆ ಹೋಳಿಗೆ ಒತ್ತುವ ಯಂತ್ರ. ಕೊಟ್ಟವರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಅದರಲ್ಲಿ ಮಾಡಿದ್ದನ್ನು ತಿನ್ನುವವರು ಕೊಟ್ಟವರೇ ಆದ್ದರಿಂದ ಉಡುಗೊರೆ ಯಾರಿಂದ ಯಾರಿಗೆ ಹೋಯಿತೆಂಬ ಗೊಂದಲ ನನಗಿನ್ನೂ ಬಗೆಹರಿದಿಲ್ಲ. ಅತ್ತೆಯವರಿಗೆ ವರ್ಷಕ್ಕೊಂದು ಶಾಲು. ಬೀರುವಿನಲ್ಲಿ ಒಂಬತ್ತು ಶಾಲುಗಳಿವೆ. ಅವರಿಗೆ ಮೊದಲಿನಿಂದಲೂ ಸೆಕೆಯ ಮೈ, ಮಾಗಿಯಲ್ಲೂ ಫ್ಯಾನು ಬೇಕು.

ಅತ್ತೆಯವರಿಗೆ ಈಗ ಎಂಬತ್ತು. ಕಾಲು ಮೆತ್ತಗಾಗಿದೆ, ಅದಕ್ಕಿಂತ ಹೆಚ್ಚಾಗಿ ಕಿವಿ ಮಂದವಾಗಿದೆ. ಒಂದು ಕಾಲಕ್ಕೆ ಬೀದಿಯ ಅಷ್ಟೂ ಮನೆಯ ಸುದ್ದಿ ಅವರ ಬಾಯಲ್ಲಿತ್ತು. ಕಿವಿಯ ಯಂತ್ರ ತಂದೆವು. "ಎಲ್ಲ ಸದ್ದೂ ಒಟ್ಟಿಗೇ ನುಗ್ಗುತ್ತೆ ಕಣೇ, ಸಂತೆಯಲ್ಲಿ ಕೂತ ಹಾಗೆ" ಎಂದು ತೆಗೆದು ಕುಂಕುಮದ ಭರಣಿಯ ಪಕ್ಕದಲ್ಲಿಟ್ಟರು. ಆಮೇಲೆ ನಡೆದದ್ದು ಯಾರೂ ಬೇಕೆಂದು ಮಾಡಿದ್ದಲ್ಲ. ಒಂದು ಮಾತನ್ನು ಮೂರು ಸಲ ಕೂಗಿ ಹೇಳಬೇಕಾದಾಗ ಮನುಷ್ಯರು ಮುಖ್ಯವಾದದ್ದನ್ನು ಮಾತ್ರ ಹೇಳುತ್ತಾರೆ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟೇ. ಆದರೆ ಮನೆಯೆಂದರೆ ಮುಖ್ಯವಲ್ಲದ ಮಾತುಗಳೇ ಅಲ್ಲವೇ? ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದು, ಕೊತ್ತಂಬರಿ ಕಟ್ಟಿಗೆ ಎಷ್ಟು ಹೇಳಿದ, ಇಂಥವು. ಅವು ನಿಂತುಹೋದವು. ಅತ್ತೆಯವರು ಮೊದಲು ಕೇಳುವುದನ್ನು ಬಿಟ್ಟರು, ಆಮೇಲೆ ಹೇಳುವುದನ್ನು ಬಿಟ್ಟರು. ಊಟವನ್ನೂ "ಇಲ್ಲಿಗೇ ತಂದುಬಿಡು" ಎನ್ನತೊಡಗಿದರು. ಮಾತಿಲ್ಲದ ಮೇಲೆ ಪಂಕ್ತಿಯಲ್ಲಿ ಕೂತು ಏನು ಮಾಡುವುದು?

ಹೋದ ದಸರೆಯಲ್ಲಿ ಗೊಂಬೆ ಕೂರಿಸಲು ಅಟ್ಟದಿಂದ ಪೆಟ್ಟಿಗೆ ಇಳಿಸಿದೆವು. ಪಟ್ಟದ ಗೊಂಬೆಗಳನ್ನು ಒರೆಸಿ ಕೊಡುವುದು ಈಗಲೂ ಅತ್ತೆಯವರ ಕೆಲಸ, ಅದನ್ನು ಬೇರೆಯವರಿಗೆ ಬಿಡುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಅವರ ತವರಿನ ಒಂದು ಬಟ್ಟೆಯ ಸಂಚಿ ಸಿಕ್ಕಿತು. ಬಿಚ್ಚಿದರೆ ನಾಲ್ಕು ಕವಡೆ, ಒಂದಿಷ್ಟು ಬಳೆ ಚೂರು. ನಾದಿನಿಯ ಮಗ, ಹನ್ನೊಂದು ವರ್ಷದವನು, "ಇದೇನಜ್ಜೀ?" ಎಂದು ಕೂಗಿದ. ಅವರಿಗೆ ಕೇಳಿಸಲಿಲ್ಲ. ಉತ್ತರದ ಬದಲು ಸೀಮೆಸುಣ್ಣ ತೆಗೆದುಕೊಂಡು ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಗೆರೆ ಎಳೆದರು. ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು 25 ಮನೆ. ನಾಲ್ಕು ಬದಿಯ ನಡುವಿನ ಮನೆಗೂ ಮಧ್ಯದ ಮನೆಗೂ ಅಡ್ಡಗೀಟು. ಚೌಕಾಬಾರ!

ನಿಮಗೆ ಗೊತ್ತಿರುವ ಆಟವೇ. ಕೆಲವು ಕಡೆ ಕಟ್ಟೆಮನೆ ಎನ್ನುತ್ತಾರೆ. ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಿದರೆ ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಮಗುಚಿಕೊಂಡರೆ ಎಂಟು, ಅದೇ ಬಾರ. ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಗರ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಒಳಗೆ ಹೋಗಿ ನಡುಮನೆ ಸೇರಿದ ಕಾಯಿ ಹಣ್ಣು. ಇಷ್ಟನ್ನೂ ಅತ್ತೆಯವರು ಬೆರಳಲ್ಲಿ ತೋರಿಸಿ ಐದು ನಿಮಿಷದಲ್ಲಿ ಕಲಿಸಿದರು. ಮೊದಲನೆಯ ದಿನ ಹುಡುಗ ಮೂರು ಆಟ ಸೋತ. ಎರಡನೆಯ ದಿನ ಫೋನು ಎಲ್ಲಿಟ್ಟಿದ್ದೇನೆಂದೇ ಅವನಿಗೆ ಮರೆತುಹೋಗಿತ್ತು. ಮೂರನೆಯ ದಿನ ಅಡುಗೆಮನೆಗೆ ಬಂದು ದೊಡ್ಡ ಶೋಧನೆ ಮಾಡಿದವನ ಹಾಗೆ ನನ್ನ ಕಿವಿಯಲ್ಲಿ ಹೇಳಿದ, "ಅತ್ತೇ, ಈ ಆಟದಲ್ಲಿ ಅಜ್ಜಿಗೆ ಕಿವಿ ಬೇಡವೇ ಬೇಡ!"

ಹೌದಲ್ಲ! ಗರ ಕಣ್ಣಿಗೆ ಕಾಣುತ್ತದೆ, ಲೆಕ್ಕ ಬೆರಳಿಗೆ ಸಿಗುತ್ತದೆ. ಕೂಗುವುದು ಬೇಡ, ಮೂರು ಸಲ ಹೇಳುವುದು ಬೇಡ. ಆಟಕ್ಕೆ ಕೂತ ಮೇಲೆ ಅತ್ತೆಯವರು ಎಂಬತ್ತರ ಕಿವುಡಜ್ಜಿಯಲ್ಲ, ಕಾಯಿ ಹೊಡೆದು ಕುಪ್ಪಳಿಸುವ ಎದುರಾಳಿ. ಇದರ ಹಿಂದೆಯೇ ಮಾತೂ ಬಂತು. ತಮ್ಮ ತವರಿನ ಜಗಲಿ, ಮಳೆ ಹಿಡಿದ ದಿನ ಹುಣಿಸೆ ಬೀಜವನ್ನು ಕಲ್ಲಿಗೆ ಉಜ್ಜಿ ಅರ್ಧ ಬೆಳ್ಳಗೆ ಮಾಡಿ ಕವಡೆಯ ಬದಲು ಆಡಿದ್ದು, ಮಾವನವರು ಮದುವೆಯಾದ ಹೊಸದರಲ್ಲಿ ಸೋತು ಸಿಟ್ಟು ಮಾಡಿಕೊಂಡಿದ್ದು. ಈ ಮನೆಗೆ ಬಂದು ಇಪ್ಪತ್ತೈದು ವರ್ಷವಾದ ನನಗೂ ಇದೆಲ್ಲ ಹೊಸ ಸುದ್ದಿಯೇ.

ನಾಲ್ಕನೆಯ ದಿನ ಮೂವರು ಕೂತಿದ್ದರು, ಅತ್ತೆಯವರು, ಹುಡುಗ, ಅವನ ತಂಗಿ. ನಾಲ್ಕು ಬದಿಯ ಆಟಕ್ಕೆ ಇನ್ನೊಬ್ಬರು ಬೇಕು. ಅತ್ತೆಯವರು ನಡುಮನೆಯಿಂದ ನನ್ನನ್ನು ಕೂಗಿದರು. ಎಣ್ಣೆ ಕಾಯುತ್ತಿದೆ ಎಂದು ಜಾಲರಿ ಎತ್ತಿ ತೋರಿಸಿದೆ. "ಒಲೆ ಆರಿಸಿ ಬಾರೇ, ಚಕ್ಕುಲಿ ನಾಳೆ ಕರಿದರಾಯ್ತು" ಎಂದರು. ಇಪ್ಪತ್ತೈದು ವರ್ಷದಲ್ಲಿ ಆ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಒಲೆ ಆರಿಸಿದೆ. ಸಂಜೆ ಗೊಂಬೆ ನೋಡಲು ಬಂದ ಬೀದಿಯ ಮಕ್ಕಳಿಗೆ ಚರಪು ಎಂದು ಕಡ್ಲೆಪುರಿಗೆ ಹುರಿಗಡಲೆ, ಸಕ್ಕರೆ ಬೆರೆಸಿ ಕೊಟ್ಟದ್ದಾಯಿತು. ಒಂದು ಮಗುವೂ ಚಕ್ಕುಲಿ ಎಲ್ಲಿ ಎಂದು ಕೇಳಲಿಲ್ಲ. ಕೇಳಿದವರು ನಮ್ಮ ಯಜಮಾನರೊಬ್ಬರೇ.

ಇದೆಲ್ಲ ಕೆಲಸವಿಲ್ಲದವರ ಆಟವೆಂದು ತಳ್ಳಿಹಾಕುವವರಿದ್ದಾರೆ. ಅವರು ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯನ್ನು ನೆನೆಸಿಕೊಳ್ಳಲಿ. 1861ರಲ್ಲಿ ಅದನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಮಣೆಯಾಟಗಳೆಂದರೆ ಪ್ರಾಣ ಬಿಡುವವರು. ಹೊಸ ಹೊಸ ಆಟಗಳನ್ನೇ ಕಟ್ಟಿದರು, ಅವರ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ. ರಾಜರು ಗ್ರಂಥ ಬರೆಸಿ ಉಳಿಸಿದ್ದನ್ನು ನಮ್ಮ ಅಜ್ಜಿಯರು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಉಳಿಸಿದರು.

ಈಗ ಯಾರಿಗಾದರೂ ಹಬ್ಬದ ಉಡುಗೊರೆ ಕೊಳ್ಳುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದನ್ನು ಬಳಸಲು ಎದುರಿಗೆ ಇನ್ನೊಬ್ಬರು ಕೂರಬೇಕೇ? ಬೇಕು ಎಂದಾದರೆ ಅದು ಒಳ್ಳೆಯ ಉಡುಗೊರೆ. ಕಿವಿ ಮಂದವಾದವರಿರುವ ಮನೆಗೆ ನಾಲ್ಕು ಕವಡೆ, ಗೆರೆ ಹೊಲಿದ ಒಂದು ಬಟ್ಟೆ. ಹಳೆಯ ರೇಷ್ಮೆ ಸೀರೆಯ ತುಂಡಿನ ಮೇಲೆ ನೀವೇ ಹೊಲಿಯಬಹುದು, ಖರ್ಚೇ ಇಲ್ಲ. ಕಣ್ಣು ಮಸುಕಾದವರಿಗೆ ಅಳಗುಳಿಮಣೆ. ಹದಿನಾಲ್ಕು ಗುಳಿಗಳಲ್ಲಿ ಹಂಚುವ ಬೀಜಗಳನ್ನು ಬೆರಳೇ ಎಣಿಸುತ್ತದೆ, ಕಣ್ಣಿನ ಕೆಲಸ ಕಡಿಮೆ. ದಕ್ಷಿಣ ಕನ್ನಡದವರು ಇದನ್ನೇ ಚೆನ್ನೆಮಣೆ ಎಂದು ಆಟಿ ತಿಂಗಳ ಮಳೆಯಲ್ಲಿ ಆಡುತ್ತಾರೆ. ಮನೆಯಲ್ಲಿ ಪುಟ್ಟ ಕಂದಮ್ಮಗಳಿದ್ದರೆ ಮಾತ್ರ ಕವಡೆ, ಬೀಜ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಕಂಡದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಅವರಿಗೆ ಬೆಂಗಳೂರು-ಮೈಸೂರು ದಾರಿಯ ಚನ್ನಪಟ್ಟಣದ ಗೊಂಬೆ ಇದೆ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ ಹೊಳಪು ತರುವ ದೊಡ್ಡ ದೊಡ್ಡ ಆಟಿಕೆಗಳು. ನುಂಗಲಾಗದಷ್ಟು ದೊಡ್ಡದನ್ನೇ ಆರಿಸಿ.

ಹೀಗೆಂದು ಫೋನನ್ನು ಬೈಯುವವರ ಸಾಲಿಗೆ ನಾನು ಸೇರಲಾರೆ. ರಜೆ ಮುಗಿದು ಹುಡುಗ ಬೆಂಗಳೂರಿಗೆ ಹೋದ ಮೇಲೆ ಅತ್ತೆಯವರು ಮತ್ತೆ ಗೋಡೆ ನೋಡುತ್ತಾರೇನೋ ಎಂದು ನನಗೆ ಅಳುಕಿತ್ತು. ದಾರಿ ಕಂಡುಹಿಡಿದವನು ಅವನೇ. ಭಾನುವಾರ ಮಧ್ಯಾಹ್ನ ವಿಡಿಯೋದಲ್ಲಿ ಕರೆಯುತ್ತಾನೆ. ಅಲ್ಲಿ ಅವನೊಂದು ಮನೆ ಬರೆದುಕೊಂಡಿರುತ್ತಾನೆ, ಇಲ್ಲಿ ಇವರೊಂದು. ಅವನ ಗರ ಇವರಿಗೆ ಕಾಣುತ್ತದೆ, ಇವರ ಗರ ಅವನಿಗೆ. ಫೋನಿನಲ್ಲಿ ಒಂದು ಮಾತೂ ಕೇಳಿಸದ ಅತ್ತೆಯವರು ಒಂದು ಗಂಟೆ ಹೊತ್ತು ಮೊಮ್ಮಗನ ಜೊತೆ ಫೋನಿನಲ್ಲಿರುತ್ತಾರೆ! "ಕವಡೆ ಹಾಕುವಾಗ ಕೈ ಮರೆಮಾಡ್ತಾನೆ ಕಳ್ಳ" ಎಂದು ನನ್ನಲ್ಲಿ ದೂರು ಬೇರೆ. ಊಟಕ್ಕೂ ಈಗ ನಮ್ಮ ಜೊತೆಗೇ ಬಂದು ಕೂರುತ್ತಾರೆ. ದೂರು ಹೇಳಲು ಜನ ಬೇಕಲ್ಲ!

ಮೊನ್ನೆ ನಾದಿನಿ ಫೋನು ಮಾಡಿ, "ಅತ್ತಿಗೆ, ಈ ಸಲ ಹಬ್ಬಕ್ಕೆ ನಿಮಗೇನು ತರಲಿ?" ಎಂದು ಕೇಳಿದಳು. ಪಾತ್ರೆಪಡಗ ಬೇಡ, ಸಂಜೆಯ ಚರಪಿನಲ್ಲಿ ನಾಲ್ಕು ದಿನ ನಿಮ್ಮದು, ಅಷ್ಟು ಕೊಟ್ಟರೆ ಸಾಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ದಿನ ನಾನು, ಎರಡು ದಿನ ಇವರು" ಎಂದಳು. ಅಂದರೆ ಮನೆಯ ಅಳಿಯಂದಿರು ನಮ್ಮ ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಾರೆ! ಅತ್ತೆಯವರು ಇದನ್ನು ಹೇಗೆ ಸಹಿಸುತ್ತಾರೆ ಎಂದು ಯಜಮಾನರಿಗೆ ಚಿಂತೆ. ನನಗಿಲ್ಲ. ಆ ಹೊತ್ತಿನಲ್ಲಿ ನಾವಿಬ್ಬರೂ ನಡುಮನೆಯಲ್ಲಿ ಎದುರುಬದುರು ಕೂತಿರುತ್ತೇವೆ. ಅಡುಗೆಮನೆಯಲ್ಲಿ ಎಷ್ಟು ಪಾತ್ರೆ ಬಿದ್ದರೂ ಅವರಿಗೆ ಕೇಳಿಸುವುದಿಲ್ಲ, ನಾನಂತೂ ಕೇಳಿಸಿಕೊಳ್ಳುವುದಿಲ್ಲ.