ಗಾಜಿನ ಬೀರುವಿನ ಆಟಗಾರರು

ಗೊಂಬೆ ಎಂಬ ಮಾತಿಗೆ ಅಮೆರಿಕದ ಗಂಡಸರು ಬಹಳ ಹೆದರುತ್ತಾರೆ. 1964ರಲ್ಲಿ ಹ್ಯಾಸ್‌ಬ್ರೊ ಕಂಪೆನಿಯವರು ಜಿ.ಐ. ಜೋ ಎಂಬ ಸಿಪಾಯಿ ಗೊಂಬೆಯನ್ನು ಪೇಟೆಗೆ ತಂದಾಗ, ಗೊಂಬೆ ಎಂದು ಕರೆದರೆ ಗಂಡುಹುಡುಗರು ಮುಟ್ಟಲಾರರೆಂದು ಯೋಚಿಸಿ ಅದಕ್ಕೆ ‘ಆಕ್ಷನ್ ಫಿಗರ್’ ಎಂದು ನಾಮಕರಣ ಮಾಡಿದರು. ನಮಗೆ ಆ ಸಂಕೋಚವಿಲ್ಲ. ನವರಾತ್ರಿಯ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳೂ, ಅಂಗಡಿ ತೆರೆದು ಕುಳಿತ ಶೆಟ್ಟಿ ದಂಪತಿಗಳೂ, ಬಿಳಿ ಷರಾಯಿ ತೊಟ್ಟ ಕ್ರಿಕೆಟ್ ಆಟಗಾರರೂ ಒಟ್ಟಿಗೆ ನಿಲ್ಲುತ್ತಾರೆ. ಮನೆಯ ಯಜಮಾನರೇ ಅಟ್ಟದಿಂದ ಟ್ರಂಕು ಇಳಿಸಿ, ಯಾವ ಬ್ಯಾಟು ಯಾರ ಕೈಗೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಅವರನ್ನು ಕಂಡು ಯಾರೂ ನಗುವುದಿಲ್ಲ.

ಆದ್ದರಿಂದ ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ, ನಲವತ್ತರ ಹತ್ತಿರ ಬಂದರೂ ಬೇಸ್‌ಬಾಲ್ ಆಟಗಾರರ ಗೊಂಬೆಗಳನ್ನು ಸಂಗ್ರಹಿಸುತ್ತಾನೆಂಬುದು ನನಗೆ ವಿಚಿತ್ರವಾಗಿ ತೋರಲಿಲ್ಲ. ವಿಚಿತ್ರವಾಗಿ ತೋರಿದ್ದು ಭಾವನವರಿಗೆ. “ಲೆಕ್ಕ ಹಾಕಿದರೆ ಒಂದು ಕಾರಿನ ದುಡ್ಡು ಆ ಬೀರುವಿನಲ್ಲಿದೆ” ಎಂಬುದು ಅವರ ದೂರು.

ಭಾವನವರು ಉದ್ಯೋಗದ ಮೇಲೆ ಅಲ್ಲಿಗೆ ಹೋದದ್ದು 1997ರಲ್ಲಿ. ಹುಡುಗನಿಗೆ ಆಗ ಒಂಬತ್ತು ವರ್ಷ. ಆ ಕಾಲಕ್ಕೆ ಆಟಗಾರರ ಗೊಂಬೆ ಎಂದರೆ ‘ಸ್ಟಾರ್ಟಿಂಗ್ ಲೈನಪ್’. ಸಿನ್ಸಿನಾಟಿಯ ಕೆನ್ನರ್ ಕಂಪೆನಿ 1988ರಲ್ಲಿ ಆರಂಭಿಸಿದ ಮಾಲೆ ಅದು. ಆ ಊರಿನ ಫುಟ್‌ಬಾಲ್ ತಂಡದಲ್ಲಿ ಆಡಿ ನಿವೃತ್ತನಾಗಿದ್ದ ಪ್ಯಾಟ್ ಮೆಕಿನಾಲಿ ಎಂಬಾತನ ಕಲ್ಪನೆ. ಅಂಗಡಿಗಳ ತುಂಬ ಕಟ್ಟುಕಥೆಯ ವೀರರೇ ನಿಂತಿರುವಾಗ, ನಿಜವಾಗಿ ಬೆವರು ಸುರಿಸಿದವರಿಗೂ ಒಂದಿಷ್ಟು ಜಾಗವಿರಲಿ ಎಂಬುದು ಅದರ ತಿರುಳು. ಸುಮಾರು ನಾಲ್ಕು ಅಂಗುಲದ ಆಟಗಾರ. ಜೊತೆಗೊಂದು ಚಿತ್ರದ ಕಾರ್ಡು.

ಈಗಿನ ಗೊಂಬೆಗಳು ಇನ್ನೂ ದೊಡ್ಡವು, ಕುಸುರಿಯವು. ಕಳೆದ ಬೇಸಿಗೆಯಲ್ಲಿ ನಾನು ಹೋಗಿದ್ದಾಗ ಒಂದು ಹೊಸ ಗೊಂಬೆ ಬಂತು. ಸಂಗ್ರಾಹಕರಲ್ಲಿ ಎರಡು ಮತಗಳಿವೆ; ಅವುಗಳ ನಡುವಣ ದೂರ ದ್ವೈತಾದ್ವೈತಗಳಿಗೇನೂ ಕಡಮೆಯಲ್ಲ. ಪೆಟ್ಟಿಗೆ ಒಡೆದರೆ ಬೆಲೆ ಇಳಿಯುತ್ತದೆ, ಹಾಗೆಯೇ ಇಡಬೇಕು ಎಂಬುದು ಒಂದು. ಒಡೆಯದ ಪೆಟ್ಟಿಗೆಯಲ್ಲಿ ಇರುವುದು ಗೊಂಬೆಯಲ್ಲ, ಠೇವಣಿ ಎಂಬುದು ಇನ್ನೊಂದು. ನನ್ನ ಸೋದರಳಿಯ ಎರಡನೆಯ ಮತದವನು.

ಗೊಂಬೆ ಇಚಿರೊ ಸುಜುಕಿಯದು. 2001ರಲ್ಲಿ ಜಪಾನಿನಿಂದ ಬಂದು ಸಿಯಾಟಲ್ ತಂಡ ಸೇರಿದ ಈತ, 2004ರ ಒಂದೇ ಋತುವಿನಲ್ಲಿ 262 ಹಿಟ್‌ಗಳನ್ನು ಗಳಿಸಿ, ಜಾರ್ಜ್ ಸಿಸ್ಲರ್ 1920ರಲ್ಲಿ ಸ್ಥಾಪಿಸಿದ್ದ 257ರ ದಾಖಲೆಯನ್ನು ಮುರಿದ. ಚೆಂಡು ಬರುವ ಮುನ್ನ ಬಲಗೈಯಲ್ಲಿ ಬ್ಯಾಟನ್ನು ಮುಂದಕ್ಕೆ ಚಾಚಿ ನೆಟ್ಟಗೆ ನಿಲ್ಲಿಸಿ, ಎಡಗೈಯಿಂದ ಬಲತೋಳಿನ ಅಂಗಿಯನ್ನು ಎಳೆದುಕೊಳ್ಳುವುದು ಆತನ ವಾಡಿಕೆ. ಗೊಂಬೆಗೂ ಅದೇ ಭಂಗಿ. ಬ್ಯಾಟು ತುಸು ವಾಲಿದರೂ ಅವನು ಇಚಿರೊ ಅಲ್ಲ, ಯಾರೋ ಒಬ್ಬ.

ಆ ಬ್ಯಾಟೋ ಮುಷ್ಟಿಯೊಳಗೆ ಹೋಗಲೊಲ್ಲದು. ಬಲವಂತ ಮಾಡಿದರೆ ಬೆರಳು ಮುರಿದೀತು. ಹುಡುಗ ಒಂದು ಬಟ್ಟಲಲ್ಲಿ ಬಿಸಿನೀರು ತಂದು ಗೊಂಬೆಯ ಕೈಯನ್ನು ಅದ್ದಿ ಹಿಡಿದ. ಪ್ಲಾಸ್ಟಿಕ್ಕು ಮೆತ್ತಗಾಗಿ ಬೆರಳುಗಳು ಬಿಚ್ಚಿಕೊಂಡವು. ಬ್ಯಾಟು ಸೇರಿಸಿ ತಣ್ಣೀರಿಗೆ ಹಿಡಿದೊಡನೆ ಬಿಗಿದುಕೊಂಡವು. ಬೂಟಿನ ಅಡಿಯ ತೂತನ್ನು ಪೀಠದ ಗೂಟಕ್ಕೆ ಕೂಡಿಸಿದ್ದಾಯಿತು. ಬೀರು ಇರುವುದು ಕಿಟಕಿಯಿಂದ ದೂರ. ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ, ಸೆಕೆಗೆ ಕಾಲು ಬಾಗಿ ಗೊಂಬೆ ವಾಲುತ್ತದೆ. ವಾರಕ್ಕೊಮ್ಮೆ ಮೆತ್ತನೆಯ ಕುಂಚದಿಂದ ಧೂಳು ತೆಗೆಯಬೇಕು.

ಇಚಿರೊಗೆ ನಡುವಿನ ಸಾಲಿನಲ್ಲಿ ಜಾಗವಾಯಿತು. ಆಗ ಹಿಂದಿನ ಮೂಲೆಯಲ್ಲಿದ್ದ ಕೆಂಪು ಟೋಪಿಯ ಪುಟ್ಟ ಗೊಂಬೆ ನನ್ನ ಕಣ್ಣಿಗೆ ಬಿತ್ತು. ಅದು ಮಾರ್ಕ್ ಮಗ್ವೈರ್. 1998ರಲ್ಲಿ ಆತ 70 ಹೋಮ್ ರನ್ ಹೊಡೆದ. ಹೋಮ್ ರನ್ ಎಂದರೆ ನಮ್ಮ ಸಿಕ್ಸರಿನ ದಾಯಾದಿ ಎನ್ನಬಹುದು. 1961ರಿಂದ ನಿಂತಿದ್ದ ರೋಜರ್ ಮ್ಯಾರಿಸನ 61ರ ದಾಖಲೆ ಮುರಿಯಿತು. ದೇಶಕ್ಕೆ ದೇಶವೇ ಕುಣಿಯಿತು. ಆ ಎಪ್ಪತ್ತನೆಯ ಚೆಂಡು 1999ರ ಹರಾಜಿನಲ್ಲಿ ಸುಮಾರು 30 ಲಕ್ಷ ಡಾಲರಿಗೆ ಹೋಯಿತು. ಕೊಂಡವನು ಟಾಡ್ ಮ್ಯಾಕ್‌ಫಾರ್ಲೇನ್. ಗೊಂಬೆ ತಯಾರಿಸುವ ಕಂಪೆನಿಯ ಒಡೆಯ! 2010ರಲ್ಲಿ ಮಗ್ವೈರ್, ಆ ವರ್ಷವೂ ಸೇರಿದಂತೆ ತಾನು ಸ್ಟೀರಾಯ್ಡ್ ಸೇವಿಸಿದ್ದೆನೆಂದು ಒಪ್ಪಿಕೊಂಡ.

“ಇದನ್ನಾದರೂ ಎಸೆದುಬಿಡೋ” ಎಂದರು ಪಕ್ಕದಲ್ಲಿದ್ದ ಭಾವನವರು.

ಹುಡುಗ ಅಪ್ಪನಿಗೆ ಹೇಳಲಿಲ್ಲ, ನನಗೆ ಹೇಳಿದ: “ಮಾವ, ನಾನು ಇಲ್ಲಿಗೆ ಬಂದ ಮೊದಲ ವರ್ಷ ಸ್ಕೂಲಲ್ಲಿ ಒಬ್ಬನೇ ಊಟ ಮಾಡ್ತಿದ್ದೆ. ನನ್ನ ಇಂಗ್ಲಿಷು ಯಾರಿಗೂ ತಿಳೀತಿರಲಿಲ್ಲ. ಈ ಗೊಂಬೆ ಜೇಬಲ್ಲಿ ಇಟ್ಕೊಂಡು ಹೋದ ದಿನ ಹುಡುಗರು ನನ್ನ ಮೇಜಿಗೆ ಬಂದ್ರು. ಅದನ್ನ ಎಲ್ಲಿ ಎಸೀಲಿ?”

ಭಾವನವರು ಮಾತಾಡಲಿಲ್ಲ. ಮಗ ಒಬ್ಬನೇ ಊಟ ಮಾಡುತ್ತಿದ್ದನೆಂಬುದು ಅವರಿಗೆ ಅಂದಿನವರೆಗೂ ತಿಳಿದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ಗೊಂಬೆಯನ್ನು ಮಾಡುವಾಗ ಅದು ಆಟಗಾರನ ರೂಪ. ಇಟ್ಟುಕೊಂಡವನ ಮನೆಯಲ್ಲಿ ಇಪ್ಪತ್ತೈದು ವರ್ಷ ನಿಂತ ಮೇಲೆ ಅದು ಇಟ್ಟುಕೊಂಡವನದೇ ಆಗುತ್ತದೆ. ಆಟಗಾರನ ಕೀರ್ತಿ ಏರಬಹುದು, ಇಳಿಯಬಹುದು; ಅದಕ್ಕೆ ತಕ್ಕಂತೆ ಮುಂದಿನ ಸಾಲಿನಿಂದ ಹಿಂದಿನ ಮೂಲೆಗೆ ಸರಿಸುವುದು ನ್ಯಾಯವೇ. ನಮ್ಮ ಅಜ್ಜಿಯಂದಿರೂ ಬಣ್ಣ ಹೋದ ಗೊಂಬೆಯನ್ನು ಹಿಂದಕ್ಕೆ ಸರಿಸುತ್ತಿದ್ದರು, ಮೆಟ್ಟಿಲಿನಿಂದ ಇಳಿಸುತ್ತಿರಲಿಲ್ಲ.