ನಮ್ಮ ನಾಲ್ಕು ಸ್ಲೈಡುಗಳು

ಭೂಗೋಳದ ಕಪಾಟಿನಲ್ಲಿದ್ದ ಮರದ ಸ್ಟೀರಿಯೋಸ್ಕೋಪನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮರೆತಿರಲಾರರು. ಮಸೂರಗಳಿಗೆ ಕಣ್ಣಿಟ್ಟೊಡನೆ ದಪ್ಪ ಕಾಗದಕ್ಕೆ ಅಂಟಿಸಿದ ಎರಡು ಮಾಸಲು ಚಿತ್ರಗಳು ಒಂದಾಗಿ ಕೂಡಿ, ಕಾಶಿಯ ಘಟ್ಟದ ಮೆಟ್ಟಿಲುಗಳು ಒಂದರ ಹಿಂದೊಂದು ಎದ್ದು ನಿಲ್ಲುತ್ತಿದ್ದವು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆಯಾಗಿ ಕಾಣುವವೆಂಬದನ್ನೂ, ಆ ಭೇದದಿಂದಲೇ ಆಳದ ಅರಿವು ಹುಟ್ಟುವದೆಂಬದನ್ನೂ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿದ್ವಾಂಸರು 1838ರಲ್ಲಿ ಪ್ರಕಟಪಡಿಸಿದರು. ಅಂಡರ್‌ವುಡ್ ಕಂಪನಿಗಾಗಿ ಭಾರತವನ್ನು ಸುತ್ತಿ ಇಂಥ ಚಿತ್ರಗಳನ್ನು ತೆಗೆದ ಜೇಮ್ಸ್ ರಿಕಾಲ್ಟನ್‌ರವರು ಮೊದಲು ಅಮೆರಿಕದಲ್ಲಿ ಶಾಲಾ ಉಪಾಧ್ಯಾಯರಾಗಿದ್ದವರು. ನಮ್ಮ ವೃತ್ತಿಯವರೆಂದು ನಮಗೆ ತುಸು ಅಭಿಮಾನವುಂಟು.

ನಾವಿನ್ನೂ ವಿಜ್ಞಾನದ ಉಪಾಧ್ಯಾಯಿನಿಯಾಗಿದ್ದಾಗ, 2006ರಲ್ಲಿ, ಅಮೆರಿಕದಲ್ಲಿ ನೆಲಸಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬರು ಸ್ಟೀರಿಯೋ ರಿಯಲಿಸ್ಟ್ ಎಂಬ ಕ್ಯಾಮರಾವನ್ನು ಶಾಲೆಗೆ ಕಳುಹಿಸಿಕೊಟ್ಟರು. 1947ರಲ್ಲಿ ಮಾರಾಟಕ್ಕೆ ಬಂದ ಈ ಯಂತ್ರಕ್ಕೆ 70 ಮಿಲಿಮೀಟರು ಅಂತರದಲ್ಲಿ ಎರಡು ಮಸೂರಗಳು. ಜೊತೆಯಲ್ಲಿ ಅವರ ಸ್ಟೀರಿಯೋ ಛಾಯಾಚಿತ್ರ ಸಂಘದ ಸ್ಲೈಡು ಸ್ಪರ್ಧೆಯ ಅರ್ಜಿಯೂ ಇತ್ತು. ಒಬ್ಬರು ನಾಲ್ಕು ಸ್ಲೈಡುಗಳನ್ನು, ತೆಗೆದವರ ಹೆಸರಿನಲ್ಲಿಯೇ ಕಳುಹಿಸತಕ್ಕದ್ದು.

ಕ್ಯಾಮರಾವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಒಂಬತ್ತನೆಯ ತರಗತಿಯ ಒಬ್ಬ ಬಾಲಿಕೆ. ಶೈಶವದ ಬೇನೆಯಿಂದ ಅವಳ ಎಡಗಣ್ಣು ಹೋಗಿತ್ತು. ಎರಡು ಕಣ್ಣಿಲ್ಲದವರಿಗೆ ಈ ಚಿತ್ರಗಳ ಆಳವು ಎಂದಿಗೂ ಕಾಣಲಾರದು. ಇದನ್ನು ನಾವೇ ತರಗತಿಯಲ್ಲಿ ಕಲಿಸಿದ್ದೆವು. ಆದರೆ ಕ್ಯಾಮರಾದೊಳಗೆ ಇಣುಕುವದಕ್ಕೆ ಒಂದೇ ಕಣ್ಣು ಸಾಕು. ಮಸೂರಗಳ ಅಂತರದ ಮೂವತ್ತರಷ್ಟು ದೂರಕ್ಕಿಂತ ಹತ್ತಿರ ಯಾವ ವಸ್ತುವೂ ಬರಬಾರದೆಂಬದು ಈ ಕಲೆಯವರ ರೂಢಿ. ಅವಳು ಲೆಕ್ಕ ಹಾಕಿ, ತೆಂಗಿನ ಹುರಿಹಗ್ಗಕ್ಕೆ ಏಳು ಅಡಿಗೆ ಒಂದು ಗಂಟು ಹಾಕಿಕೊಂಡಳು. ಕಣ್ಣಿದ್ದ ಹುಡುಗಿಯರು ಅಂದಾಜಿನಿಂದ ತೆಗೆದರು. ಅವಳು ಹಗ್ಗವನ್ನು ಹಿಡಿಯದೆ ಒಂದನ್ನೂ ತೆಗೆಯಲಿಲ್ಲ.

ಫಿಲ್ಮನ್ನು ಬೆಂಗಳೂರಿಗೆ ಕಳುಹಿಸುವಾಗ "ಕತ್ತರಿಸಬಾರದು" ಎಂದು ಕೆಂಪು ಶಾಯಿಯಲ್ಲಿ ಬರೆದೆವು. ಈ ಕ್ಯಾಮರಾದಲ್ಲಿ ಒಂದು ಜೋಡಿಯ ಎರಡು ಚಿತ್ರಗಳು ನೆರೆಹೊರೆಯಾಗಿ ಬೀಳುವದಿಲ್ಲ. ನಡುವೆ ಬೇರೆ ಜೋಡಿಗಳ ಎರಡು ಚಿತ್ರಗಳಿರುತ್ತವೆ. ಅವನ್ನು ಆರಿಸಿ, ಕತ್ತರಿಸಿ, ಚೌಕಟ್ಟಿನಲ್ಲಿ ಕೂಡಿಸುವದು ಸೂಕ್ಷ್ಮದ ಕೆಲಸ. ಎಡಬಲ ತಪ್ಪಿದರೆ ದೂರದ ಗುಡ್ಡವು ಮುಂದಕ್ಕೂ ಹತ್ತಿರದ ಕಂಬವು ಹಿಂದಕ್ಕೂ ಹೋಗಿಬಿಡುವವು. ಹತ್ತಿರದ ವಸ್ತುವಿನ ಎರಡು ಬಿಂಬಗಳ ನಡುವಣ ಅಂತರವು ದೂರದ್ದರ ಅಂತರಕ್ಕಿಂತ ಕಡಿಮೆಯಿರಬೇಕೆಂಬ ಸೂತ್ರವನ್ನು ಹಿಡಿದು, ಅವಳು ಅಳತೆಪಟ್ಟಿಯಿಂದಲೇ ಎಲ್ಲವನ್ನೂ ಸರಿಪಡಿಸಿದಳು.

ಅರ್ಜಿಗೆ ಯಾರ ಹೆಸರು ಎಂಬಲ್ಲಿ ತೊಡಕು ಬಂತು. ಕಾಣದವಳನ್ನು ನೋಡುವವರ ಸ್ಪರ್ಧೆಗೆ ಕಳುಹಿಸುವದು ಅವಳಿಗೇ ನೋವಾದೀತೆಂದು ಹಿರಿಯ ಉಪಾಧ್ಯಾಯಿನಿಯರು ಎಣಿಸಿದರು. ಚಿತ್ರಗಳು ಅವಳವಾಗಿರಲಾಗಿ ಬೇರೆಯವರ ಹೆಸರು ಹಾಕುವದು ಸುಳ್ಳೆಂದು ನಾವು ವಾದಿಸಿದೆವು. ಕೊನೆಗೆ ತಾಯಿಯನ್ನು ಕರೆಸಲಾಯಿತು. ಆಕೆ ಬಾಗಿಲಲ್ಲಿಯೇ ನಿಂತು, "ಟೀಚರೇ, ಇಲ್ಲದ ಕಣ್ಣಿನ ಮಾತು ಊರಿಗೆಲ್ಲಾ ಯಾಕೆ? ಹೆಣ್ಣು ಮಗು, ನಾಳೆ ಮದುವೆಯಾಗಬೇಕು" ಎಂದರು. ಈ ಮಾತಿಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ.

ಹುಡುಗಿ ಏನೂ ಹೇಳದೆ ನೋಡುವ ಪೆಟ್ಟಿಗೆಯನ್ನು ತಾಯಿಯ ಕೈಗೆ ಕೊಟ್ಟಳು. ವಸತಿಗೃಹದ ಬಾವಿಯ ಚಿತ್ರ: ಮಧ್ಯಾಹ್ನದಲ್ಲಿ ಮಹಡಿಯಿಂದ ಕೆಳಗೆ ನೋಡಿ ತೆಗೆದದ್ದು, ರಾಟೆ, ಇಳಿಯುವ ಹಗ್ಗ, ಕೊಡಪಾನ, ಎಲ್ಲಕ್ಕೂ ಕೆಳಗೆ ಬಿಸಿಲು ಬಿದ್ದ ನೀರು. ತಾಯಿ ಫಕ್ಕನೆ ಹಿಂದಕ್ಕೆ ಸರಿದು ಗೋಡೆಯನ್ನು ಹಿಡಿದರು. ಮತ್ತೆ ನೋಡಿದರು. "ನಿನಗಿದು ಹೇಗೆ ಕಾಣ್ತದೆ ಮಗಾ?" ಎಂದು ಕೇಳಿದರು.

"ಕಾಗದದ ಹಾಗೆ ಕಾಣ್ತದಮ್ಮಾ. ಆದರೆ ನೀರು ಎಷ್ಟು ಕೆಳಗಿದೆಯೆಂದು ನನಗೆ ಗೊತ್ತುಂಟು. ಅಳೆದಿದ್ದೇನಲ್ಲ."

ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅರ್ಜಿಯನ್ನು ತರಿಸಿ, ರುಜು ಹಾಕುವ ಮೊದಲು ಮಗಳ ಹೆಸರಿನ ಅಕ್ಷರಗಳು ಸರಿಯಾಗಿವೆಯೇ ಎಂದು ಎರಡು ಸಾರಿ ಓದಿಸಿ ಕೇಳಿದರು.

ಅಲ್ಲಿ ಎರಡು ಪ್ರೊಜೆಕ್ಟರುಗಳಿಂದ ಬೆಳ್ಳಿಬಣ್ಣದ ತೆರೆಯ ಮೇಲೆ ಚಿತ್ರಗಳನ್ನು ಬಿಟ್ಟು, ತೀರ್ಪುಗಾರರು ಪೋಲರೈಡ್ ಕನ್ನಡಕಗಳನ್ನು ಧರಿಸಿ ಅಂಕಗಳನ್ನು ಕೊಟ್ಟರಂತೆ. ಮೂರು ತಿಂಗಳ ಮೇಲೆ ಪತ್ರ ಬಂತು. ಬಹುಮಾನವಿಲ್ಲ. ಬಾವಿಯೂ ಪ್ರಾರ್ಥನಾಮಂದಿರದ ಜಗಲಿಯೂ ಪ್ರದರ್ಶನಕ್ಕೆ ಸ್ವೀಕೃತವಾಗಿದ್ದವು. ಹಲಸಿನ ಮರವೂ ಆಟದ ಬಯಲೂ ಹಿಂದಿರುಗಿದವು. ಹಲಸಿನ ಒಂದು ಕೊಂಬೆ ಅಂಚಿನಲ್ಲಿ ತುಂಡಾಗಿ ಚೌಕಟ್ಟಿನ ಕಿಟಕಿಯಿಂದ ಹೊರಕ್ಕೆ ಚಾಚುವದೆಂದು ಬರೆದಿದ್ದರು. ಹುಡುಗಿ ಆ ಸ್ಲೈಡನ್ನು ಬೆಳಕಿಗೆ ಹಿಡಿದು, ಅಳತೆಪಟ್ಟಿಯಿಟ್ಟು ನೋಡಿ, "ಹೌದು ಟೀಚರ್, ಅವರು ಹೇಳಿದ್ದು ಸರಿ" ಎಂದಳು. ನಾಲ್ಕು ಸ್ಲೈಡುಗಳೂ ಗಂಟು ಹಾಕಿದ ಹಗ್ಗವೂ ಈಗ ಅದೇ ಭೂಗೋಳದ ಕಪಾಟಿನಲ್ಲಿವೆ. ಕೇಳಿದವರಿಗೆ ತೆರೆದು ತೋರಿಸುತ್ತೇವೆ.